ಐದೂವರೆ ಸೆಕೆಂಡಿನಲ್ಲಿ ಮೈಕ್ ಜಾತಕ: ರೂಮ್ ಇಕ್ಯೂ ವಿಝಾರ್ಡ್

ಮಂಡ್ಯದಲ್ಲಿ ನಮ್ಮದು ಮೈಕ್‌ಸೆಟ್ ಬಾಡಿಗೆ ಕೆಲಸ. ಪೌರಾಣಿಕ ನಾಟಕ, ಹರಿಕಥೆ, ಮದುವೆ ಎಲ್ಲಕ್ಕೂ ಹೋಗುತ್ತೇವೆ. ಪೆಟ್ಟಿಗೆಯಲ್ಲಿ 14 ಮೈಕ್ ಇವೆ. ಯಾವುದು ಮಂಕಾಗಿದೆ ಅಂತ ತಿಳಿಯೋಕೆ ಇಷ್ಟು ವರ್ಷ ‘ಹಲೋ ಚೆಕ್’ ಒಂದೇ ದಾರಿ. ಈಗ ರೂಮ್ ಇಕ್ಯೂ ವಿಝಾರ್ಡ್ ಬಳಸುತ್ತಿದ್ದೇನೆ. ಜಾನ್ ಮಲ್ಕಾಹಿ ಮಾಡಿರುವ ಸಾಫ್ಟ್‌ವೇರ್, ಉಚಿತವಾಗಿ ಸಿಗುತ್ತದೆ. ಸ್ಪೀಕರ್‌ನಿಂದ ಒಂದು ಸದ್ದು ಹೊರಡಿಸಿ, ತಗ್ಗಿನಿಂದ ಎತ್ತರದವರೆಗಿನ ಸ್ವರಗಳನ್ನು ಮೈಕ್ ಎಷ್ಟೆಷ್ಟು ಹಿಡಿಯಿತು ಅಂತ ಪರದೆ ಮೇಲೆ ಗೆರೆ ಎಳೆದು ತೋರಿಸುತ್ತದೆ.

ಮೊದಮೊದಲು ಪಿಂಕ್ ನಾಯ್ಸ್ (ಎಲ್ಲ ಸ್ವರಗಳೂ ಒಟ್ಟಿಗೆ ಬೆರೆತ ಸದ್ದು) ಹಾಕಿ ಅಳೆಯುತ್ತಿದ್ದೆ. ಶೀಟಿನ ಮೇಲೆ ಮಳೆ ಸುರಿದ ಹಾಗೆ ಸದ್ದು. ಗೆರೆ ಕುಣಿಯುತ್ತಲೇ ಇರುತ್ತದೆ, ಬೇಸ್ ಕಡೆ ಇನ್ನೂ ಜಾಸ್ತಿ. ಅದು ನಿಲ್ಲುವವರೆಗೆ ಸರಾಸರಿ ತೆಗೆಯುತ್ತಾ ಕೂರಬೇಕು. ಅಷ್ಟರಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೋದರೆ ಅದೂ ಲೆಕ್ಕಕ್ಕೆ ಸೇರುತ್ತದೆ.

ಲಾಗ್ ಸ್ವೀಪ್ ಹಾಗಲ್ಲ. ಗುಂಯ್ ಅಂತ ತಗ್ಗಿನಲ್ಲಿ ಶುರುವಾಗಿ, ಸೊಳ್ಳೆ ಸದ್ದಿನಂತೆ ಏರಿ, ಕಿವಿಗೆ ಸಿಗದೆ ಮುಗಿಯುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 48,000 ಸ್ಯಾಂಪಲ್) 256ಕೆ ಉದ್ದ, ಅಂದರೆ ಸುಮಾರು 2.62 ಲಕ್ಷ ಸ್ಯಾಂಪಲ್ ಇಟ್ಟರೆ ಸುಮಾರು 5.5 ಸೆಕೆಂಡ್. ಪ್ರತಿ ಆಕ್ಟೇವ್‌ಗೂ, ಅಂದರೆ ಪ್ರತಿ ಸ್ಥಾಯಿಗೂ, ಒಂದೇ ಸಮಯ ಕೊಡುವುದರಿಂದ ಬೇಸ್‌ಗೂ ಸಾಕಷ್ಟು ಸಿಗುತ್ತದೆ. ಸ್ಪೀಕರ್ ಹರಿದ ಹಾಗೆ ಕೂಗಿದರೂ ಆ ಡಿಸ್ಟಾರ್ಷನ್ ಬೇರೆಯಾಗಿ ನಿಲ್ಲುತ್ತದೆ. ಇಟಲಿಯ ಆಂಜೆಲೊ ಫರಿನಾ 2000ರಲ್ಲಿ ವಿವರಿಸಿದ ಉಪಾಯ ಅದು. ಕುಕ್ಕರ್ ಕೂಗಿತಾ? ಇನ್ನೊಮ್ಮೆ ಒತ್ತಿದರಾಯ್ತು.

ನನಗೆ ತುಂಬಾ ಹಿಡಿಸಿದ್ದು ಗೋಡೆ, ನೆಲಕ್ಕೆ ಬಡಿದು ವಾಪಸ್ ಬರುವ ಸದ್ದು ಕತ್ತರಿಸುವ ಅನುಕೂಲ. ಸ್ಪೀಕರ್, ಮೈಕ್ ಎರಡನ್ನೂ ಹಾಲ್ ನಡುವೆ ನಾಲ್ಕಡಿ ಎತ್ತರಕ್ಕೆ ನಿಲ್ಲಿಸುತ್ತೇನೆ, ನಡುವೆ ಒಂದೂವರೆ ಅಡಿ. ನೆಲಕ್ಕೆ ಬಡಿದ ಸದ್ದು ಬರುವುದು ನೇರ ಸದ್ದಿಗಿಂತ 6 ಮಿಲಿಸೆಕೆಂಡ್ ಹತ್ತಿರ ತಡವಾಗಿ. 5 ಮಿಲಿಸೆಕೆಂಡಿಗೇ ಕತ್ತರಿಸಿಬಿಟ್ಟರೆ ಉಳಿಯುವುದು ನೇರ ಸದ್ದು ಮಾತ್ರ. ಆದರೆ 200 ಹರ್ಟ್ಸ್‌ಗಿಂತ ಕೆಳಗಿನ ಗೆರೆಯನ್ನು ಆಮೇಲೆ ನಂಬಬಾರದು. ಅಷ್ಟು ಚಿಕ್ಕ ಸಮಯದ ಕಿಟಕಿಯಲ್ಲಿ ಅಷ್ಟು ಉದ್ದದ ಅಲೆ ಹಿಡಿಸುವುದಿಲ್ಲ.

ಸ್ಪೀಕರ್ ಗುಣವೂ ಗೆರೆಯಲ್ಲಿ ಬಂದುಬಿಡುತ್ತದಲ್ವಾ? ಅದಕ್ಕೆ ಮೊದಲು ಕ್ಯಾಲಿಬ್ರೇಷನ್ ಫೈಲ್ (ಆ ಮೈಕ್‌ನ ಸ್ವಂತ ಏರಿಳಿತ ಬರೆದಿಟ್ಟ ಫೈಲ್) ಇರುವ ಅಳತೆ ಮೈಕ್ ಇಟ್ಟು ಒಂದು ಸ್ವೀಪ್. ಸ್ಪೀಕರ್ ಅಲ್ಲಾಡಿಸದೆ, ಅದೇ ಜಾಗದಲ್ಲಿ ನಮ್ಮ ಮೈಕ್ ಇಟ್ಟು ಇನ್ನೊಂದು. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ನಮ್ಮ ಮೈಕ್ ಗೆರೆ ಸಿಗುತ್ತದೆ. ಜಾಗ ಮಾತ್ರ ಕದಲಬಾರದು. ಹತ್ತಿರ ಹೋದಷ್ಟೂ ಹಾಡುವ ಮೈಕ್‌ಗಳಲ್ಲಿ ಬೇಸ್ ಉಬ್ಬುತ್ತದೆ. ನಾನು ಸ್ಟ್ಯಾಂಡಿಗೆ ದಾರ ಕಟ್ಟಿ ಗಂಟು ಹಾಕಿಕೊಂಡಿದ್ದೇನೆ.

ಹೋದ ತಿಂಗಳು ಡ್ರಾಮಾ ಮೇಷ್ಟ್ರು ಒಂದು ಎಸ್‌ಎಂ58 (ಶೂರ್ ಕಂಪನಿಯ ಹಾಡುವ ಮೈಕ್) ತೋರಿಸಿ, “ಸ, ಶ ಎರಡೂ ಒಂದೇ ಥರ ಕೇಳ್ತದಲ್ಲಪ್ಪ” ಅಂದಿದ್ದರು. ಸ್ವೀಪ್ ಹಾಕಿದೆ. ಪಕ್ಕದ ಒಳ್ಳೆ ಎಸ್‌ಎಂ58ಗೆ ಹೋಲಿಸಿದರೆ 5 ಕಿಲೋಹರ್ಟ್ಸ್ ದಾಟುತ್ತಿದ್ದಂತೆ ಗೆರೆ ಜಾರಿತ್ತು, 10ರ ಹತ್ತಿರ 5 ಡೆಸಿಬೆಲ್ ಕಡಿಮೆ. ಜಾಲರಿ ತಿರುಗಿಸಿ ಬಿಚ್ಚಿದೆ. ಒಳಗಿನ ಸ್ಪಂಜು ಎಂಜಲು, ಬಣ್ಣದ ಪುಡಿ ಸೇರಿ ರೊಟ್ಟಿಯಂತೆ ಗಟ್ಟಿಯಾಗಿತ್ತು. ಸೋಪುನೀರಿನಲ್ಲಿ ತೊಳೆದು, ಒಂದು ದಿನ ನೆರಳಲ್ಲಿ ಒಣಗಿಸಿ, ಮತ್ತೆ ದಾರದ ಗಂಟಿಗೆ ಸರಿಯಾಗಿಟ್ಟು ಅಳೆದೆ. ಎರಡು ಗೆರೆ ಒಂದರ ಮೇಲೊಂದು ಕೂತವು. ಶನಿವಾರದ ನಾಟಕಕ್ಕೆ ಅದೇ ಮೈಕ್ ಕಟ್ಟಿದೆ.