ಕಂಪನಿ ನಾಟಕದ ಹಾಡುಗಳ ರೇಡಿಯೊ ಕಾರ್ಯಕ್ರಮ: ಐದಕ್ಕೆ ಮೂರೂವರೆ ಅಂಕ

ಹಳೆಯ ಕಂಪನಿ ನಾಟಕಗಳ, ಅಂದರೆ ಊರೂರು ಸುತ್ತುತ್ತಿದ್ದ ವೃತ್ತಿ ನಾಟಕ ಮಂಡಳಿಗಳ ನಾಟಕಗಳ, ರಂಗಗೀತೆಗಳನ್ನು ರೇಡಿಯೊದಲ್ಲಿ ಬಹಳ ವರ್ಷಗಳಿಂದ ಕೇಳುತ್ತಿದ್ದೇನೆ. ಈಗ ರೇಡಿಯೊ ಮೊಬೈಲಲ್ಲೇ ಸಿಗುವುದರಿಂದ ಒಂದಲ್ಲ, ನಾಲ್ಕಾರು ಕೇಂದ್ರಗಳನ್ನು ಹುಡುಕಿ ಕೇಳುತ್ತೇನೆ. ಯಾವ ಕೇಂದ್ರ ಅಂತ ಹೆಸರು ಬರೆಯಲ್ಲ, ಮುಂದೆ ಸ್ವಲ್ಪ ಬೈಯುವುದಿದೆ.

ಹಾರ್ಮೋನಿಯಂ, ತಬಲಾ ಇಷ್ಟರಲ್ಲೇ ಮುಗಿಸಿದ ದಿನ ಕಾರ್ಯಕ್ರಮ ಬಲು ಸೊಗಸು. ಈ ಹಾಡುಗಳು ಹುಟ್ಟಿದ್ದೇ ಹಾಗೆ. ಕಂಪನಿಯ ಸಂಗೀತದ ಮೇಷ್ಟ್ರು ಕಾಲು ಹಾರ್ಮೋನಿಯಂ ಮುಂದೆ ಕೂತು, ಕಾಲಲ್ಲಿ ಗಾಳಿ ಒತ್ತುತ್ತಾ ಎರಡೂ ಕೈಯಲ್ಲಿ ನುಡಿಸುತ್ತಿದ್ದರು. ಮೈಕಿಲ್ಲದ ಕಾಲ. ಕೊನೆಯ ಸಾಲಿನವನಿಗೂ ಮಾತು ಕೇಳಬೇಕಿತ್ತು. ಅದಕ್ಕೇ ಆ ಎತ್ತರದ ಶ್ರುತಿ, ಒಂದೊಂದು ಪದವನ್ನೂ ಒತ್ತಿ ಹೇಳುವ ರೀತಿ. ಅದೇ ಹಾಡಿಗೆ ಕೀಬೋರ್ಡು, ರಿದಂ ಪ್ಯಾಡು ಸೇರಿಸಿ ಭಾವಗೀತೆ ಥರ ಮೆತ್ತಗೆ ಹಾಡಿದರೆ ರಾಗ ಉಳಿಯುತ್ತದೆ, ನಾಟಕ ಹೋಗುತ್ತದೆ.

ಅಪರೂಪಕ್ಕೆ ಹಳೆಯ ಗ್ರಾಮಫೋನ್ ಪ್ಲೇಟುಗಳನ್ನೂ ಹಾಕುತ್ತಾರೆ. ಕರಕರ ಸದ್ದು ಇದ್ದೇ ಇರುತ್ತದೆ, ನನಗೇನೂ ತೊಂದರೆಯಿಲ್ಲ. ಆದರೆ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಸುಮಾರು 3 ನಿಮಿಷ. ರಂಗದ ಮೇಲೆ ‘ಒನ್ಸ್ ಮೋರ್’ ಬಿದ್ದಷ್ಟು ಸಲ ಬೆಳೆಯುತ್ತಿದ್ದ ಹಾಡು ಇಲ್ಲಿ ಗಡಿಬಿಡಿಯಲ್ಲಿ ಮುಗಿದುಬಿಡುತ್ತದೆ.

ನನ್ನ ದೊಡ್ಡ ತಕರಾರು ನಿರೂಪಣೆಯ ಬಗ್ಗೆ. ನಾಟಕದ ಹೆಸರು, ಹಾಡಿದವರ ಹೆಸರು, ಅಷ್ಟೇ. ಸನ್ನಿವೇಶ ಏನು ಅಂತ ಎರಡು ಮಾತು ಹೇಳುವುದಿಲ್ಲ. ಹಾಸ್ಯದ ಹಾಡುಗಳು ಇದರಿಂದಲೇ ಸಾಯುತ್ತವೆ. ‘ಸದಾರಮೆ’ ನಾಟಕದ ಕಳ್ಳನ ಪಾತ್ರದಲ್ಲಿ ಗುಬ್ಬಿ ಕಂಪನಿಯ ಒಡೆಯ, ನಟ ಗುಬ್ಬಿ ವೀರಣ್ಣನವರು ಜನರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದರು. ಆ ಕಳ್ಳ ಯಾರ ಮುಂದೆ ನಿಂತಿದ್ದಾನೆ, ಏನು ಹೊಂಚು ಹಾಕಿದ್ದಾನೆ ಅಂತ ಗೊತ್ತಿಲ್ಲದಿದ್ದರೆ ಕೇಳುವವರು ಯಾಕೆ ನಗಬೇಕು, ಅಲ್ವಾ? ಎಷ್ಟೋ ಹಾಡುಗಳ ಮಟ್ಟು, ಅಂದರೆ ಧಾಟಿ, ಪಾರ್ಸಿ, ಮರಾಠಿ ನಾಟಕಗಳಿಂದ ಬಂದದ್ದು. ಅದನ್ನೂ ಹೇಳುವುದಿಲ್ಲ. ಒಮ್ಮೆಯಂತೂ ಹಾಡಿನ ಕೊನೆಯ ಸಾಲು ಬರುವಷ್ಟರಲ್ಲಿ ಜಾಹೀರಾತು ನುಗ್ಗಿತು.

ಹೊಸದಾಗಿ ಕೇಳುವವರು ಪೌರಾಣಿಕ ನಾಟಕದ ಹಾಡುಗಳಿರುವ ದಿನ ಶುರು ಮಾಡಿ. ಗುಬ್ಬಿ ಕಂಪನಿ 1934ರಲ್ಲಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆ ತಂದು ರಂಗದ ಮೇಲೆ ನಿಲ್ಲಿಸಿತ್ತು. ಅವು ರೇಡಿಯೊದಲ್ಲಿ ಕಾಣಲ್ಲ ಬಿಡಿ. ಆದರೆ ಕೃಷ್ಣ ಯಾರು, ದುರ್ಯೋಧನನಿಗೆ ಯಾಕೆ ಸಿಟ್ಟು ಅಂತ ಯಾವ ನಿರೂಪಕರೂ ಹೇಳಿಕೊಡಬೇಕಾಗಿಲ್ಲ.