ರಾತ್ರಿ ತಾನಾಗಿ ಏಳುವ ಕಂಪ್ಯೂಟರನ್ನು ಅಂಗಡಿಗೆ ಹೊತ್ತುಕೊಂಡು ಹೋಗುವ ಮೊದಲು

ನನ್ನ ಕಂಪ್ಯೂಟರ್ ಕೆಟ್ಟಿರಲಿಲ್ಲ. ಇದು ಗೊತ್ತಾಗುವ ಹೊತ್ತಿಗೆ 3,350 ರೂಪಾಯಿ ಕೈಬಿಟ್ಟಿತ್ತು. ದುಡ್ಡು ಹೋದರೆ ಹೋಗಲಿ, ಅದರ ಜೊತೆ ಏಳೆಂಟು ವರ್ಷದ ಲಗ್ನಪತ್ರಿಕೆ ಡಿಸೈನುಗಳೂ ಹೋದವು. ನಿಮ್ಮ ಮನೆಯಲ್ಲೋ ಅಂಗಡಿಯಲ್ಲೋ ಇರುವ ಡೆಸ್ಕ್‌ಟಾಪ್ ಸ್ಲೀಪ್‌ಗೆ ಹಾಕಿದರೂ ಎದ್ದು ಕೂರುತ್ತಿದ್ದರೆ, ಫ್ಯಾನ್ ಹಿಟ್ಟಿನ ಗಿರಣಿ ಥರ ಸದ್ದು ಮಾಡುತ್ತಿದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ.

ನಾನು ಶಿವಮೊಗ್ಗದಲ್ಲಿ ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬ್ಯಾನರ್, ವೈಕುಂಠ ಸಮಾರಾಧನೆಯ ಕಾರ್ಡು, ಎಲ್ಲ. ಕಂಪ್ಯೂಟರ್ 2017ರಲ್ಲಿ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಜೋಡಿಸಿಕೊಂಡು ಬಂದದ್ದು. ಏಳನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್. ಆಮೇಲೆ ಒಂದು ಎಸ್‌ಎಸ್‌ಡಿ, ಅಂದರೆ ಚಿಪ್‌ನಲ್ಲೇ ಡೇಟಾ ಇಡುವ ವೇಗದ ಡಿಸ್ಕ್, ಸೇರಿಸಿದೆ, ಅದು ಸಿ ಡ್ರೈವ್. ಹಳೇ ಹಾರ್ಡ್‌ಡಿಸ್ಕ್ ಡಿ ಡ್ರೈವ್ ಆಯಿತು. ರಾತ್ರಿ ನಾನು ಶಟ್‌ಡೌನ್ ಮಾಡುವವನಲ್ಲ. ಪೇಜ್‌ಮೇಕರ್‌ನಲ್ಲಿ ನಾಲ್ಕು, ಕೋರೆಲ್‌ಡ್ರಾದಲ್ಲಿ ಎರಡು ಕೆಲಸ ತೆರೆದೇ ಇರುತ್ತವೆ. ಸ್ಲೀಪ್‌ಗೆ ಹಾಕಿ ಮಲಗಿದರೆ ಬೆಳಿಗ್ಗೆ ಬಿಟ್ಟಲ್ಲಿಂದಲೇ ಶುರು.

ಹೋದ ವರ್ಷ ಆಷಾಢದಲ್ಲಿ ಕಾಟ ಶುರುವಾಯಿತು. ಆಷಾಢದಲ್ಲಿ ಮದುವೆ ಇಲ್ಲ, ಆದರೆ ನಮಗೆ ಅದೇ ಸೀಸನ್. ಶ್ರಾವಣದ ಮದುವೆಗಳ ಕಾರ್ಡೆಲ್ಲ ಆಗಲೇ ತಯಾರಾಗಬೇಕಲ್ಲ. ಹನ್ನೊಂದಕ್ಕೆ ಸ್ಲೀಪ್ ಒತ್ತಿ ಲೈಟ್ ಆರಿಸುತ್ತಿದ್ದೆ. ಐದು ನಿಮಿಷವಾಗಿರುತ್ತಿರಲಿಲ್ಲ, ಗುರ್ರ್ ಅಂತ ಎದ್ದುಬಿಡುತ್ತಿತ್ತು. ಮಾನಿಟರಿನ ನೀಲಿ ಬೆಳಕು ಸೊಳ್ಳೆಪರದೆ ಮೇಲೆಲ್ಲ ಬೀಳುತ್ತಿತ್ತು. ಮತ್ತೆ ಮಲಗಿಸಿದರೆ ಮತ್ತೆ ಏಳೋದು. ಕೆಲವು ದಿನ ಸರಿಯಾಗಿ ರಾತ್ರಿ ಎರಡಕ್ಕೆ. ಹೆಂಡತಿ "ಅದಕ್ಕೆ ದೃಷ್ಟಿ ತೆಗೀರಿ" ಅಂದಳು. ತಮಾಷೆಗೆ ಅಂದಳೋ ನಿಜಕ್ಕೂ ಅಂದಳೋ ಇವತ್ತಿಗೂ ಗೊತ್ತಿಲ್ಲ.

ಸದ್ದೂ ಜಾಸ್ತಿಯಾಗುತ್ತಾ ಬಂತು. ನಾಲ್ಕು ದಿನ ಸಹಿಸಿದೆ. ಐದನೇ ದಿನ ನಾವೆಲ್ಲ ಸಿಪಿಯು ಅಂತ ಕರೆಯುವ ಆ ಡಬ್ಬವನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ರಿಪೇರಿ ಅಂಗಡಿಗೆ ಹೋದೆ. ಅಂಗಡಿಯ ಹೆಸರು ಇಲ್ಲಿ ಬೇಡ. ಹುಡುಗ ಪ್ಲಗ್ ಹಾಕಿ ಒಂದು ನಿಮಿಷ ನೋಡಿದ. "ಸರ್, ಎಸ್‌ಎಂಪಿಎಸ್ ವೀಕ್ ಆಗಿದೆ. ವೋಲ್ಟೇಜ್ ಹೆಚ್ಚುಕಮ್ಮಿ ಆದಾಗ ಹೀಗೇ ಎದ್ದುಬಿಡುತ್ತೆ. ವಿಂಡೋಸೂ ಹಳೇದಾಗಿದೆ, ಒಂದ್ಸಲ ಫಾರ್ಮ್ಯಾಟ್ ಹೊಡೆದುಬಿಡೋಣ." ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಷ್ಟಕ್ಕೆ ಇಳಿಸಿ ಕೊಡುವ ಪೆಟ್ಟಿಗೆ. ಫಾರ್ಮ್ಯಾಟ್ ಅಂದರೆ ಸಿ ಡ್ರೈವ್ ಪೂರ್ತಿ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು. ಹುಡುಗ ಮೀಟರ್ ಹಚ್ಚಿ ನೋಡಲಿಲ್ಲ. ಯಾವಾಗ ಏಳುತ್ತೆ, ಎಷ್ಟು ಹೊತ್ತಿಗೆ ಏಳುತ್ತೆ ಅಂತ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಾನೂ ತಲೆಯಾಡಿಸಿದೆ.

"ಡೇಟಾ ಎಲ್ಲ ಡಿ ಡ್ರೈವಲ್ಲಿದೆ ಅಲ್ವಾ ಸರ್?" ಅಂದ. "ಹೂಂ" ಅಂದೆ.

ಆ "ಹೂಂ" ನನ್ನದೇ ತಪ್ಪು, ಯಾರನ್ನೂ ದೂರುವುದಿಲ್ಲ. ಡಿ ಡ್ರೈವ್‌ನಲ್ಲಿ ಫೋಟೋ, ಸಿನಿಮಾ, ಹಳೇ ಬಿಲ್ಲುಗಳಿದ್ದವು. ಕಾರ್ಡಿನ ಫೋಲ್ಡರ್ ಮಾತ್ರ ಕಣ್ಣೆದುರಿಗೇ ಇರಲಿ ಅಂತ ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದೆ. ಡೆಸ್ಕ್‌ಟಾಪ್ ಅನ್ನೋದು ಸಿ ಡ್ರೈವ್‌ನ ಒಳಗಿರುವ ಒಂದು ಫೋಲ್ಡರ್ ಅಷ್ಟೇ. ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಕೂಡ ನೀವೇ ಬದಲಾಯಿಸಿರದಿದ್ದರೆ ಅಲ್ಲೇ ಇರುತ್ತವೆ. ಸಿ ಫಾರ್ಮ್ಯಾಟ್ ಆದರೆ ಅವೆಲ್ಲ ಹೋದ ಹಾಗೇ. ಹಾರ್ಡ್‌ಡಿಸ್ಕ್ ಆಗಿದ್ದರೆ ರಿಕವರಿ ಸಾಫ್ಟ್‌ವೇರ್‌ನಲ್ಲಿ ಒಂದಷ್ಟು ಸಿಗುವ ಆಸೆ ಇರುತ್ತದೆ. ಎಸ್‌ಎಸ್‌ಡಿಯಲ್ಲಿ ಅದೂ ಕಷ್ಟ. ಯಾವ ಜಾಗ ಖಾಲಿಯಾಗಿದೆ ಅಂತ ವಿಂಡೋಸ್ ಎಸ್‌ಎಸ್‌ಡಿಗೆ ಹೇಳಿಬಿಡುತ್ತದೆ, ಅದು ಆ ಜಾಗವನ್ನು ನಿಜವಾಗಲೂ ಒರೆಸಿಹಾಕುತ್ತದೆ. ಇದಕ್ಕೆ ಟ್ರಿಮ್ ಅಂತಾರೆ. ನನಗೆ ಆ ಹೆಸರು ಗೊತ್ತಾದದ್ದು ಎಲ್ಲ ಕಳೆದುಕೊಂಡ ಮೇಲೆ.

ಬಿಲ್ಲು ಹೀಗಿತ್ತು: ಹೊಸ ಎಸ್‌ಎಂಪಿಎಸ್ 1,850, ಫಾರ್ಮ್ಯಾಟ್ 600, ಒಳಗೆಲ್ಲ ಬಿಚ್ಚಿ ಕ್ಲೀನ್ ಮಾಡಿದ್ದಕ್ಕೆ 400. ಮನೆಗೆ ತಂದೆ. ರಾತ್ರಿ ಹನ್ನೊಂದೂ ಹತ್ತಕ್ಕೆ ಎದ್ದು ಕೂತಿತು. ಸದ್ದು ಮೊದಲಿಗಿಂತ ಜೋರು.

ಮಾರನೇ ದಿನ ಮತ್ತೆ ಹೋದೆ. ಈ ಸಲ ಮಾಲೀಕರೇ ನೋಡಿದರು. "ಮದರ್‌ಬೋರ್ಡ್ ಹೋಗ್ತಾ ಇದೆ ಸರ್. ಇದಕ್ಕೆ ದುಡ್ಡು ಹಾಕೋದು ದಂಡ. ಮೂವತ್ತೆಂಟು ಸಾವಿರಕ್ಕೆ ಹೊಸದೇ ಮಾಡಿಕೊಡ್ತೀನಿ" ಅಂದರು. ಚೆಕಿಂಗ್ ಚಾರ್ಜ್ 500 ಕೊಟ್ಟು ಡಬ್ಬ ವಾಪಸ್ ತಂದೆ. ಆ 500 ಯಾಕೆ ಕೊಟ್ಟೆನೋ ದೇವರಿಗೇ ಗೊತ್ತು.

ಬೆಂಗಳೂರಿನಲ್ಲಿರುವ ಅಕ್ಕನ ಮಗಳಿಗೆ ಫೋನ್ ಮಾಡಿದೆ, ಹೊಸದು ತಗೊಂಡರೆ ಯಾವುದು ಒಳ್ಳೇದು ಅಂತ ಕೇಳೋಕೆ. ಅವಳು ಪೂರ್ತಿ ಕೇಳಿಸಿಕೊಂಡು, "ಮಾಮ, ಯಾಕೆ ಎದ್ದೆ ಅಂತ ಅದನ್ನೇ ಕೇಳಿದ್ರಾ?" ಅಂದಳು.

ನನಗೆ ನಗು ಬಂತು. ಅವಳು ನಗಲಿಲ್ಲ. ಸ್ಟಾರ್ಟ್ ಒತ್ತಿ ಸಿಎಂಡಿ ಅಂತ ಟೈಪ್ ಮಾಡಿಸಿದಳು. ಪಟ್ಟಿಯಲ್ಲಿ ಬಂದ ಕಮಾಂಡ್ ಪ್ರಾಂಪ್ಟ್ ಅನ್ನೋ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿಸಿ, ಆ ಕಪ್ಪು ಕಿಟಕಿಯನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಸಿದಳು. ಆಮೇಲೆ ಒಂದೊಂದೇ ಅಕ್ಷರ ಹೇಳಿದಳು: ಪಿ, ಓ, ಡಬ್ಲ್ಯೂ, ಇ, ಆರ್, ಸಿ, ಎಫ್, ಜಿ. ನಡುವೆ ಜಾಗ ಬಿಡಬಾರದು. ಆಮೇಲೆ ಒಂದು ಸ್ಪೇಸ್, ಒಂದು ಓರೆಗೆರೆ (/), ಅದಕ್ಕೆ ಅಂಟಿಕೊಂಡ ಹಾಗೆ ಲಾಸ್ಟ್‌ವೇಕ್, ಒಂದೇ ಪದವಾಗಿ. ಎಂಟರ್ ಒತ್ತಿದೆ. ಕೊನೇ ಸಲ ಯಾರು ಎಬ್ಬಿಸಿದ್ದು ಅಂತ ಅಲ್ಲೇ ಬರೆದಿತ್ತು. ನೆಟ್‌ವರ್ಕ್ ಕಾರ್ಡ್, ಅಂದರೆ ಇಂಟರ್ನೆಟ್ ವೈರ್ ಸಿಕ್ಕಿಸುವ ಭಾಗ.

"ಮನೇಲಿ ಇಂಟರ್ನೆಟ್ ಏನಾದ್ರೂ ಬದಲಾಯಿಸಿದ್ರಾ?" ಅಂದಳು. ಹೌದಲ್ಲ! ಜೂನ್ ಕೊನೆಗೆ ಫೈಬರ್ ಹಾಕಿಸಿದ್ದೆ. ಹೊಸ ರೂಟರ್ ಬಂದಿತ್ತು. ಅದನ್ನೂ ಈ ಕಾಟವನ್ನೂ ನಾನು ಒಟ್ಟಿಗೆ ಇಟ್ಟು ಯೋಚಿಸಿಯೇ ಇರಲಿಲ್ಲ.

ಆಗುತ್ತಿದ್ದದ್ದು ಇಷ್ಟು. ಕಂಪ್ಯೂಟರ್ ಸ್ಲೀಪ್‌ನಲ್ಲಿದ್ದರೂ ರ‍್ಯಾಮ್‌ಗೆ, ನೆಟ್‌ವರ್ಕ್ ಕಾರ್ಡಿಗೆ ಚೂರು ಕರೆಂಟ್ ಹರಿಯುತ್ತಲೇ ಇರುತ್ತದೆ. ಹಿಂದೆ ಬಗ್ಗಿ ನೋಡಿ, ಲ್ಯಾನ್ ವೈರ್ ಸಿಕ್ಕಿಸಿದ ಜಾಗದ ಪುಟ್ಟ ದೀಪ ಮಿಣುಕುತ್ತಿರುತ್ತದೆ. ದೂರದಿಂದಲೇ ಕಂಪ್ಯೂಟರ್ ಎಬ್ಬಿಸೋಕೆ ಆಫೀಸುಗಳಲ್ಲಿ ಇದು ಬೇಕು. ಅದಕ್ಕೆ ಮ್ಯಾಜಿಕ್ ಪ್ಯಾಕೆಟ್ ಅಂತ ಒಂದು ವಿಶೇಷ ಸಂದೇಶ ಇದೆ, ಅದರಲ್ಲಿ ಆ ಕಾರ್ಡಿನ ವಿಳಾಸ 16 ಸಲ ಬರೆದಿರುತ್ತದೆ. ಆದರೆ ಕೆಲವು ಕಾರ್ಡುಗಳ ಸೆಟ್ಟಿಂಗ್ ಎಷ್ಟು ಸಡಿಲ ಅಂದರೆ, ರೂಟರ್ ಸುಮ್ನೆ "ಈ ವಿಳಾಸದಲ್ಲಿ ಯಾರಿದ್ದೀರಿ" ಅಂತ ಕೂಗಿದರೂ ಎದ್ದುಬಿಡುತ್ತವೆ. ಬೀದಿಯಲ್ಲಿ ಸೊಪ್ಪಿನವಳು ಕೂಗಿದ್ದಕ್ಕೆಲ್ಲ ಬಾಗಿಲು ತೆಗೆದ ಹಾಗೆ.

ಸರಿ ಮಾಡಿದ್ದು ಎರಡು ನಿಮಿಷದಲ್ಲಿ. ಡಿವೈಸ್ ಮ್ಯಾನೇಜರ್‌ಗೆ ಹೋಗಿ ನೆಟ್‌ವರ್ಕ್ ಕಾರ್ಡಿನ ಪ್ರಾಪರ್ಟೀಸ್ ತೆರೆದೆ. ಅಲ್ಲಿ ಪವರ್ ಮ್ಯಾನೇಜ್‌ಮೆಂಟ್ ಅನ್ನುವ ಪುಟ. ಈ ಸಾಧನ ಕಂಪ್ಯೂಟರನ್ನು ಎಬ್ಬಿಸಬಹುದು ಅನ್ನೋ ಸಾಲಿನ ಮುಂದಿನ ಟಿಕ್ ತೆಗೆದೆ. ದೂರದಿಂದ ಎಬ್ಬಿಸುವ ಅಗತ್ಯ ನಿಮಗಿದ್ದರೆ ಅದನ್ನು ಹಾಗೇ ಬಿಟ್ಟು, ಕೆಳಗಿರುವ ಮ್ಯಾಜಿಕ್ ಪ್ಯಾಕೆಟ್‌ಗೆ ಮಾತ್ರ ಏಳಲಿ ಅನ್ನೋದಕ್ಕೂ ಟಿಕ್ ಹಾಕಿ. ಅವತ್ತು ರಾತ್ರಿ ಹನ್ನೊಂದಕ್ಕೆ ಮಲಗಿದ್ದು ಏಳಲಿಲ್ಲ.

ಎರಡು ಗಂಟೆಗೆ ಎದ್ದಿತು!

ಈ ಸಲ ಹೆದರಲಿಲ್ಲ. ಅದೇ ಕಪ್ಪು ಕಿಟಕಿಯಲ್ಲಿ ಲಾಸ್ಟ್‌ವೇಕ್ ಬದಲು ವೇಕ್‌ಟೈಮರ್ಸ್ ಅಂತ ಹಾಕಿದೆ. ಯಾವ ಯಾವ ಕೆಲಸಕ್ಕೆ ಅಲಾರಂ ಇಟ್ಟಿದೆ ಅಂತ ತೋರಿಸುತ್ತದೆ. ವಿಂಡೋಸ್ ತನ್ನ ಮನೆಗೆಲಸಕ್ಕೆ, ಅಂದರೆ ಮೇಂಟೆನೆನ್ಸ್‌ಗೆ, ಇಟ್ಟುಕೊಂಡಿರುವ ಹೊತ್ತೇ ರಾತ್ರಿ ಎರಡು. ಪವರ್ ಆಪ್ಶನ್ಸ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ಅನ್ನುವುದರ ಕೆಳಗೆ ವೇಕ್ ಟೈಮರ್ ಇದೆ, ಅದನ್ನು ಬಂದ್ ಮಾಡಿದೆ. ಮೇಂಟೆನೆನ್ಸ್‌ಗಾಗಿ ಕಂಪ್ಯೂಟರ್ ಎಬ್ಬಿಸಬಹುದು ಅನ್ನೋ ಟಿಕ್ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬೇರೆಯೇ ಇದೆ, ಅದನ್ನೂ ತೆಗೆದೆ. ಅಲ್ಲಿಗೆ ಎರಡು ಗಂಟೆಯ ದೆವ್ವ ಹೋಯಿತು.

ಮೌಸ್ ಕೂಡ ಎಬ್ಬಿಸುತ್ತದೆ. ಗಾಜಿನ ಟೇಬಲ್ ಮೇಲೆ ಆಪ್ಟಿಕಲ್ ಮೌಸ್ ಇಟ್ಟಿದ್ದರೆ ಲಾರಿ ಹೋದ ಅದುರಿಗೂ ಏಳಬಹುದು. ಕೆಳಗೊಂದು ಪ್ಯಾಡ್ ಹಾಕಿ, ಇಲ್ಲವೇ ಅದರ ಟಿಕ್ಕನ್ನೂ ತೆಗೆಯಿರಿ. ಕೆಲವರದ್ದು ಉಲ್ಟಾ ಕಷ್ಟ, ಎಷ್ಟು ಹೊತ್ತು ಬಿಟ್ಟರೂ ತಾನಾಗಿ ಮಲಗುವುದೇ ಇಲ್ಲ. ಅವರು ಅದೇ ಕಮಾಂಡಿನ ಜೊತೆ ರಿಕ್ವೆಸ್ಟ್ಸ್ ಅಂತ ಹಾಕಿ ನೋಡಬೇಕು. ಬ್ರೌಸರ್‌ನಲ್ಲಿ ಓಡುತ್ತಿರುವ ವಿಡಿಯೋನೋ, ಆಡಿಯೋನೋ ಮಲಗೋಕೆ ಬಿಡದೆ ಹಿಡಿದುಕೊಂಡಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ.

ಇನ್ನು ಸದ್ದು. ಇದನ್ನು ಹೇಳುವಾಗ ಮಾತ್ರ ನನಗೆ ಸಿಟ್ಟು ಬರುತ್ತದೆ. ಯಾವುದು ಕೂಗುತ್ತಿದೆ ಅಂತ ಮೊದಲು ಪತ್ತೆ ಮಾಡಬೇಕಿತ್ತು. ಮುಚ್ಚಳ ತೆಗೆದು, ಹಳೇ ಲಗ್ನಪತ್ರಿಕೆ ಒಂದನ್ನು ಕೊಳವೆಯಂತೆ ಸುತ್ತಿ ಒಂದು ತುದಿ ಕಿವಿಗೆ ಇಟ್ಟುಕೊಂಡೆ, ಡಾಕ್ಟರ ಥರ. ಇನ್ನೊಂದು ತುದಿಯನ್ನು ಒಂದೊಂದು ಭಾಗದ ಹತ್ತಿರ ಹಿಡಿದೆ. ಹಿಂದಿನ ಫ್ಯಾನ್ ಸುಮ್ಮನಿತ್ತು. 1,850ರ ಹೊಸ ಎಸ್‌ಎಂಪಿಎಸ್ ಫ್ಯಾನ್ ಸಣ್ಣಗೆ ಕಿರುಗುಟ್ಟುತ್ತಿತ್ತು. ಆದರೆ ಮುಖ್ಯ ಗದ್ದಲ ಪ್ರೊಸೆಸರ್ ಮೇಲಿನ ಫ್ಯಾನಿನದು. ಉಷ್ಣತೆ ತೋರಿಸುವ ಒಂದು ಸಣ್ಣ ಸಾಫ್ಟ್‌ವೇರ್ ಹಾಕಿಕೊಂಡಿದ್ದೆ, 92 ಡಿಗ್ರಿ ತೋರಿಸುತ್ತಿತ್ತು. ಬಿಸಿ ಏರಿದರೆ ಫ್ಯಾನ್ ಓಡಲೇಬೇಕು, ಪಾಪ ಅದರ ತಪ್ಪೇನು?

ಕರೆಂಟ್ ತೆಗೆದು ಟಾರ್ಚ್ ಬಿಟ್ಟು ನೋಡಿದೆ. ಪ್ರೊಸೆಸರ್ ಮೇಲೆ ಕೂರುವ ಆ ಕೂಲರ್‌ಗೆ ನಾಲ್ಕು ಪ್ಲಾಸ್ಟಿಕ್ ಕಾಲುಗಳಿರುತ್ತವೆ, ಬೋರ್ಡಿನ ನಾಲ್ಕು ತೂತಿಗೆ ಸಿಕ್ಕಿಕೊಳ್ಳುವಂಥವು. ಮೂರು ಸರಿಯಾಗಿ ಕೂತಿದ್ದವು. ನಾಲ್ಕನೆಯದು ಬೋರ್ಡಿಂದ ಒಂದು ಅಕ್ಕಿಕಾಳಿನಷ್ಟು ಮೇಲೆದ್ದು ನಿಂತಿತ್ತು. ಕ್ಲೀನ್ ಮಾಡೋಕೆ ಬಿಚ್ಚಿದವನು ಒತ್ತದೆ ಬಿಟ್ಟಿದ್ದ. ಕೂಲರ್ ಒಂದು ಮೂಲೆಯಲ್ಲಿ ಎದ್ದಿದ್ದರಿಂದ ಬಿಸಿ ಅದಕ್ಕೆ ಸರಿಯಾಗಿ ದಾಟುತ್ತಿರಲಿಲ್ಲ. ಕೂಲರ್ ಬಿಚ್ಚಿದರೆ ಅಡಿಯಲ್ಲಿ ಹಳೇ ಥರ್ಮಲ್ ಪೇಸ್ಟ್, ಅಂದರೆ ಪ್ರೊಸೆಸರ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಲೇಪ, ಒಣಗಿ ಸುಣ್ಣದ ಹಾಗೆ ಉದುರಿತು. ಅಂದರೆ 400 ರೂಪಾಯಿಯ ಕ್ಲೀನಿಂಗ್‌ನಲ್ಲಿ ಪೇಸ್ಟ್ ಕೂಡ ಬದಲಾಯಿಸಿರಲಿಲ್ಲ. ಹೊಸ ಟ್ಯೂಬ್‌ಗೆ 150 ಆಯಿತು. ಒರೆಸಿ, ಬಟಾಣಿ ಕಾಳಿಗಿಂತ ಚಿಕ್ಕ ಬೊಟ್ಟು ಇಟ್ಟು, ಕೂಲರ್ ಕೂರಿಸಿ, ಎದುರುಬದುರು ಕಾಲುಗಳನ್ನು ಜೊತೆಜೊತೆಗೆ ಹೆಬ್ಬೆರಳಿಂದ ಒತ್ತಿದೆ. ಟಿಕ್, ಟಿಕ್. ಕಂಪ್ಯೂಟರ್ ಆನ್ ಮಾಡಿದರೆ 48 ಡಿಗ್ರಿ. ಫ್ಯಾನ್ ಇದೆಯೋ ಇಲ್ಲವೋ ಅನ್ನುವಷ್ಟು ಸದ್ದು.

ಧೂಳು ತೆಗೆಯುವವರಿಗೆ ಒಂದು ಮಾತು. ಬ್ಲೋಯರ್ ಬಿಡುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ. ಇಲ್ಲದಿದ್ದರೆ ಗಾಳಿಗೆ ವಿಪರೀತ ತಿರುಗಿ ಬೇರಿಂಗ್ ಹಾಳಾಗುತ್ತದೆ. ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಬೇಡಿ, ಅದರಲ್ಲಿ ನೀರಿನ ಹನಿ ಬರುತ್ತದೆ. ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರಬಹುದು. ಸದ್ದು ಫ್ಯಾನಿನ ಗುರ್ರ್ ಅಲ್ಲದೆ ಹಾರ್ಡ್‌ಡಿಸ್ಕಿನ ಟಕ್ ಟಕ್ ಆಗಿದ್ದರೆ ಬೇರೆಲ್ಲ ಬಿಟ್ಟು ಮೊದಲು ಡೇಟಾ ಕಾಪಿ ಮಾಡಿಕೊಳ್ಳಿ, ಅದು ಸಾಯುವ ಲಕ್ಷಣ.

ಅಂಗಡಿಗೆ ಹೋಗಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಮೆಕ್ಯಾನಿಕ್‌ಗಳು ಇದ್ದಾರೆ. ಆದರೆ ಯಾವುದೇ ಪಾರ್ಟ್ ಬದಲಾಯಿಸುವ ಮೊದಲು "ಯಾವ ಪರೀಕ್ಷೆ ಮಾಡಿ ಇದು ಹೋಗಿದೆ ಅಂದ್ರಿ?" ಅಂತ ಕೇಳಿ. ಫಾರ್ಮ್ಯಾಟ್ ಅನ್ನೋ ಪದ ಬಂದ ಕೂಡಲೇ ಡಬ್ಬ ಎತ್ತಿಕೊಂಡು ಮನೆಗೆ ಬಂದು, ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ನುಡಿ ಫೈಲುಗಳು, ಫಾಂಟುಗಳು ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ಹಾಕಿ, ಅಲ್ಲಿಂದ ತೆರೆದು ನೋಡಿ, ಆಮೇಲೆ ಹೋಗಿ.

ನಾನು ಶ್ರಾವಣದ ಕಾರ್ಡುಗಳನ್ನು ಗಿರಾಕಿಗಳ ಮನೆಯಿಂದ ಪ್ರೂಫ್ ವಾಪಸ್ ತಂದು ಮತ್ತೆ ಟೈಪ್ ಮಾಡಿದೆ. ಹನ್ನೆರಡು ಕಾರ್ಡು, ಆರು ರಾತ್ರಿ. ಹಳೇ ಡಿಸೈನುಗಳು ಬರಲಿಲ್ಲ.

ಹದಿನೈದು ದಿನ ಬಿಟ್ಟು ಆ ಅಂಗಡಿಗೆ ಹೋಗಿ ನನ್ನ ಹಳೇ ಎಸ್‌ಎಂಪಿಎಸ್ ವಾಪಸ್ ಕೊಡಿ ಅಂದೆ. "ಅಯ್ಯೋ, ಗುಜರಿಗೆ ಹಾಕಿಬಿಟ್ವಿ ಸರ್" ಅಂದ ಹುಡುಗ. ಬದಲಾಯಿಸಿದ ಪಾರ್ಟನ್ನು ಅವತ್ತೇ ಕೇಳಿ ಇಸ್ಕೊಳ್ಳಿ.