‘ಲೈವ್ ಡ್ಯಾಶ್‌ಬೋರ್ಡ್’ ಮಾಡಿಕೊಡ್ತೀವಿ ಅಂತ ಬರುವವರ ಬಗ್ಗೆ ಹುಷಾರು

ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಎರಡು ವಾರ ತಡೆದುಕೊಂಡೆ. ಆದರೆ ನಮಗೆ ಟೋಪಿ ಹಾಕಿದ ಅದೇ ಜನ ಈಗ ನನ್ನ ಪರಿಚಯದವರೊಬ್ಬರ ಆಫೀಸಿಗೂ ಹೋಗಿದ್ದಾರೆ ಅಂತ ಮೊನ್ನೆ ಗೊತ್ತಾಯಿತು. ಇನ್ನು ಸುಮ್ಮನೆ ಇರೋದು ತಪ್ಪು ಅನ್ನಿಸಿತು. ಆರ್ಡರ್, ಸ್ಟಾಕು, ಡಿಸ್ಪ್ಯಾಚ್ ಎಲ್ಲವನ್ನೂ ಒಂದೇ ಪರದೆಯಲ್ಲಿ ನೋಡಬೇಕು, ಅದಕ್ಕೊಂದು ಡ್ಯಾಶ್‌ಬೋರ್ಡ್ ಮಾಡಿಸಬೇಕು ಅಂತ ಯೋಚಿಸುತ್ತಿರುವವರು ದಯವಿಟ್ಟು ಪೂರ್ತಿ ಓದಿ.

ನಾನು ಒಂದು ಕಂಪನಿಯಲ್ಲಿ ಆಪರೇಷನ್ಸ್ ನೋಡಿಕೊಳ್ಳುತ್ತೇನೆ. ಆರ್ಡರ್ ಬಂದ ಗಳಿಗೆಯಿಂದ ಸರಕು ಗೇಟ್ ದಾಟುವವರೆಗೆ ನನ್ನ ಜವಾಬ್ದಾರಿ. ಮೂರು ಗೋಡೌನ್, ಮೂರು ಶಿಫ್ಟ್. ಎಲ್ಲ ಲೆಕ್ಕ ಎಕ್ಸೆಲ್‌ನಲ್ಲೇ ನಡೀತಿತ್ತು. ಮೂರು ಕಡೆಯಿಂದ ಮೂರು ಫೈಲ್ ಬರುತ್ತಿದ್ದವು, ಬೆಳಗ್ಗೆ ಅದನ್ನೆಲ್ಲ ಸೇರಿಸೋದರಲ್ಲೇ ಒಂದೂವರೆ ಗಂಟೆ ಹೋಗುತ್ತಿತ್ತು. ಹಾಗಾಗಿ ಡ್ಯಾಶ್‌ಬೋರ್ಡ್ ಮಾಡಿಸೋಣ ಅಂತ ಮಾಲೀಕರ ಹತ್ತಿರ ಹೋಗಿ ಹೇಳಿದವನು ನಾನೇ. ಅವರಿಗೆ ಅಷ್ಟೊಂದು ಇಷ್ಟ ಇರಲಿಲ್ಲ. ನಾನೇ ಒತ್ತಾಯ ಮಾಡಿ ಒಪ್ಪಿಸಿದೆ. ಅದಕ್ಕೇ ಇಷ್ಟು ಹೊಟ್ಟೆ ಉರಿಯುತ್ತಿರೋದು.

ಡೆಮೋ ತುಂಬಾ ಚೆನ್ನಾಗಿತ್ತು. ಇಬ್ಬರು ಬಂದಿದ್ದರು. ದೊಡ್ಡ ಪರದೆಯಲ್ಲಿ ಹಸಿರು, ಕೆಂಪು ಕಾರ್ಡ್‌ಗಳು, ಶಿಫ್ಟ್ ಪ್ರಕಾರ ಗ್ರಾಫ್, ಗೋಡೌನ್ ಪ್ರಕಾರ ಗ್ರಾಫ್. ಮೇಲೆ ಬಲಗಡೆ ಮೂಲೆಯಲ್ಲಿ ಹಸಿರು ಅಕ್ಷರದಲ್ಲಿ ‘ಕೊನೆಯ ಅಪ್‌ಡೇಟ್’ ಅಂತ ಬರೆದು, ಪಕ್ಕದಲ್ಲಿ ತಾರೀಖು, ಗಂಟೆ, ನಿಮಿಷ. “ನಿಮ್ಮ ಆರ್ಡರ್ ಸಾಫ್ಟ್‌ವೇರ್‌ಗೆ ನೇರ ಕನೆಕ್ಷನ್ ಕೊಡ್ತೀವಿ ಸರ್, ಯಾರೂ ಏನೂ ಎಂಟ್ರಿ ಮಾಡೋದೇ ಬೇಡ” ಅಂದರು. ಕೊಟೇಶನ್‌ನಲ್ಲೂ ‘ಲೈವ್ ಡ್ಯಾಶ್‌ಬೋರ್ಡ್’ ಅಂತಲೇ ಇತ್ತು. ಅರ್ಧ ಹಣ ಮುಂಗಡ, ಉಳಿದರ್ಧ ಕೆಲಸ ಮುಗಿದ ಮೇಲೆ, ಆಮೇಲೆ ತಿಂಗಳು ತಿಂಗಳು ‘ಲೈಸೆನ್ಸ್ ಮತ್ತು ಮೇಂಟೆನೆನ್ಸ್’. ಇದೆಲ್ಲ ಎಲ್ಲ ಕಡೆ ಇರೋದೇ ಅಲ್ವಾ? ನಾನೂ ಹಾಗೇ ಅಂದುಕೊಂಡೆ. ಆರ್ಡರ್ ಸಾಫ್ಟ್‌ವೇರ್‌ನ ಲಾಗಿನ್ ಕೊಟ್ಟೆವು. ಮೂರು ವಾರದಲ್ಲಿ ಡ್ಯಾಶ್‌ಬೋರ್ಡ್ ಬಂತು, ಪೂರ್ತಿ ಹಣ ಕೊಟ್ಟೆವು.

ನಾಲ್ಕು ತಿಂಗಳು ಅದನ್ನು ನಂಬಿದೆ. ದಿನಾ ಬೆಳಗ್ಗೆ ಮೊದಲು ಅದನ್ನೇ ತೆರೆಯುತ್ತಿದ್ದೆ. ಮಾಲೀಕರ ಮುಂದೆ ತಿಂಗಳ ಮೀಟಿಂಗ್‌ನಲ್ಲಿ ಅದನ್ನೇ ತೋರಿಸುತ್ತಿದ್ದೆ.

ಸಿಕ್ಕಿಬಿದ್ದದ್ದು ಸ್ಟಾಕ್ ಎಣಿಕೆಯ ದಿನ. ಆ ದಿನ ಮೂರೂ ಗೋಡೌನ್‌ಗಳ ಗೇಟ್ ಮುಚ್ಚಿರುತ್ತೆ. ಒಂದು ಡಬ್ಬ ಕೂಡ ಹೊರಗೆ ಹೋಗಲ್ಲ. ಎಲ್ಲರೂ ಪಟ್ಟಿ ಹಿಡಿದುಕೊಂಡು ರ‍್ಯಾಕ್ ರ‍್ಯಾಕ್ ಎಣಿಸುತ್ತಿರುತ್ತೇವೆ. ಮಧ್ಯಾಹ್ನ ಸ್ವಲ್ಪ ಕೂತಾಗ ಅಭ್ಯಾಸಬಲದಿಂದ ಫೋನ್‌ನಲ್ಲಿ ಡ್ಯಾಶ್‌ಬೋರ್ಡ್ ತೆರೆದೆ.

‘ಇವತ್ತಿನ ಡಿಸ್ಪ್ಯಾಚ್: 212.’

ಮೇಲೆ ಹಸಿರಲ್ಲಿ ‘ಕೊನೆಯ ಅಪ್‌ಡೇಟ್’, ಪಕ್ಕದಲ್ಲಿ ಆಗಿನ ಸಮಯ.

ಗೇಟ್ ಮುಚ್ಚಿದೆ. ನಾನು ಗೇಟ್ ಎದುರಿಗೇ ಕೂತಿದ್ದೇನೆ. 212 ಆರ್ಡರ್ ಎಲ್ಲಿಂದ ಹೋಯಿತು? ಮೊದಲು ನನ್ನ ಕಣ್ಣೇ ತಪ್ಪು ಓದಿತು ಅಂದುಕೊಂಡೆ. ಮುಚ್ಚಿ ಮತ್ತೆ ತೆರೆದೆ. 212. ಪಕ್ಕದವರ ಫೋನ್‌ನಲ್ಲಿ ತೆರೆಸಿದೆ. 212. ಕೈಕಾಲು ತಣ್ಣಗಾಯಿತು. ಯಾಕಂದರೆ ಇವತ್ತಿನದು ಸುಳ್ಳಾದರೆ ನಿನ್ನೆಯದು? ಮೊನ್ನೆಯದು? ನಾಲ್ಕು ತಿಂಗಳು ಮೀಟಿಂಗ್‌ನಲ್ಲಿ ತೋರಿಸಿದ್ದು?

ಅಲ್ಲಿಂದಲೇ ಫೋನ್ ಮಾಡಿದೆ. “ಬ್ರೌಸರ್ ಕ್ಯಾಶೆ ಕ್ಲಿಯರ್ ಮಾಡಿ ನೋಡಿ ಸರ್” ಅಂದರು. ಮಾಡಿದೆ. 212. ಮತ್ತೆ ಫೋನ್ ಮಾಡಿದೆ. “ನಿಮ್ಮ ಸಾಫ್ಟ್‌ವೇರ್ ಕಡೆಯಿಂದ ಡೇಟಾ ಸರಿಯಾಗಿ ಬರ್ತಿಲ್ಲ ಸರ್.” ಸರಿ, ಬರದೇ ಇದ್ದರೆ ಸೊನ್ನೆ ತೋರಿಸಬೇಕು, ಇಲ್ಲಾ ಏನೂ ತೋರಿಸಬಾರದು. 212 ಯಾಕೆ? “ಚೆಕ್ ಮಾಡಿ ಹೇಳ್ತೀವಿ ಸರ್.” ಅವತ್ತು ಫೋನ್ ಬರಲೇ ಇಲ್ಲ.

ಆ ರಾತ್ರಿ ನಾನೇ ಕೂತೆ. ಅದು ಲುಕರ್ ಸ್ಟುಡಿಯೋ ಅನ್ನೋ ಗೂಗಲ್‌ನ ಡ್ಯಾಶ್‌ಬೋರ್ಡ್ ಟೂಲ್‌ನಲ್ಲಿ ಮಾಡಿದ್ದು. 2022ರವರೆಗೆ ಗೂಗಲ್ ಡೇಟಾ ಸ್ಟುಡಿಯೋ ಅಂತಿತ್ತಲ್ಲ, ಅದೇ. ಟೂಲ್ ಬಗ್ಗೆ ನನ್ನ ದೂರಿಲ್ಲ, ಒಳ್ಳೆಯ ಟೂಲ್. ಹಿಂದೆ ಒಂದು ಸಲ ಲೋಗೋ ಬದಲಾಯಿಸಿ ಅಂದಾಗ “ನೀವೇ ಹಾಕ್ಕೊಳ್ಳಿ ಸರ್” ಅಂತ ಎಡಿಟ್ ಅನುಮತಿ ಕೊಟ್ಟಿದ್ದರು, ವಾಪಸ್ ತೆಗೆಯೋದು ಮರೆತಿದ್ದರು. ಆ ಹಸಿರು ಅಕ್ಷರದ ಮೇಲೆ ಕ್ಲಿಕ್ ಮಾಡಿದೆ. ಅದರ ಹಿಂದೆ ಇದ್ದದ್ದು ‘ಕರೆಂಟ್ ಡೇಟ್‌ಟೈಮ್’ ಅನ್ನೋ ಫಂಕ್ಷನ್. ಅಂದರೆ ನೋಡುವ ಹೊತ್ತಿನ ಗಡಿಯಾರ. ಡೇಟಾ ಯಾವಾಗ ಬಂತು ಅನ್ನೋದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ನೀವು ಯಾವಾಗ ತೆರೆದರೂ ಈಗಷ್ಟೇ ಅಪ್‌ಡೇಟ್ ಆದ ಹಾಗೆ ಕಾಣುತ್ತೆ. ಡೇಟಾ ಒಂದು ವರ್ಷ ಹಳೇದಾಗಿದ್ದರೂ ಹಾಗೇ ಕಾಣುತ್ತೆ!

ಒಂದು ಗೋಡೆ ಗಡಿಯಾರ ನೇತುಹಾಕಿ, ಅದರ ಕೆಳಗೆ ‘ಕೊನೆಯ ಅಪ್‌ಡೇಟ್’ ಅಂತ ಚೀಟಿ ಅಂಟಿಸಿದ್ದರು. ನಾಲ್ಕು ತಿಂಗಳು ನಾನು ನಂಬಿದ್ದು ಅದನ್ನು.

ಹಾಗಾದರೆ ಡೇಟಾ ಎಲ್ಲಿಂದ ಬರುತ್ತಿತ್ತು? ಒಂದು ಗೂಗಲ್ ಶೀಟ್‌ನಿಂದ. ಅದೇ ಫೈಲ್‌ನಲ್ಲಿ ‘ಟಾರ್ಗೆಟ್’ ಅನ್ನೋ ಹಾಳೆ ಇತ್ತು. ತಿಂಗಳ ಗುರಿ ತುಂಬೋಕೆ ಅಂತ ನನಗೂ ಅನುಮತಿ ಕೊಟ್ಟಿದ್ದರು. ಅದರ ಪಕ್ಕದಲ್ಲೇ ಡೇಟಾ ಹಾಳೆಯನ್ನು ಹೈಡ್ ಮಾಡಿ ಇಟ್ಟಿದ್ದರು. ಯಾರು ಯಾವಾಗ ಏನು ಬದಲಾಯಿಸಿದರು ಅಂತ ತೋರಿಸುವ ವರ್ಷನ್ ಹಿಸ್ಟರಿ ತೆರೆದೆ. ಅವರ ಕಡೆಯ ಒಬ್ಬ ಹುಡುಗ ಬೆಳಗ್ಗೆ ಬೆಳಗ್ಗೆ ನಮ್ಮ ಲಾಗಿನ್‌ನಿಂದ ಫೈಲ್ ಡೌನ್‌ಲೋಡ್ ಮಾಡಿ ಪೇಸ್ಟ್ ಮಾಡುತ್ತಿದ್ದ. ಮೊದಲೆರಡು ತಿಂಗಳು ದಿನಾ. ಆಮೇಲೆ ಎರಡು ದಿನಕ್ಕೊಮ್ಮೆ. ಆಮೇಲೆ ನೆನಪಾದಾಗ. ‘ಇವತ್ತಿನ ಡಿಸ್ಪ್ಯಾಚ್’ ಅನ್ನೋ ಕಾರ್ಡ್ ತೋರಿಸುತ್ತಿದ್ದದ್ದು ಹಾಳೆಯಲ್ಲಿರುವ ಕೊನೆಯ ದಿನದ ಲೆಕ್ಕ. ಆ 212 ನಾಲ್ಕು ದಿನ ಹಿಂದಿನದು.

ನೇರ ಕನೆಕ್ಷನ್ ಇರಲೇ ಇಲ್ಲ. ಒಂದು ದಿನವೂ ಇರಲಿಲ್ಲ. ಬೆಳಗ್ಗೆ ನಾನು ಮಾಡುತ್ತಿದ್ದ ಕಾಪಿ ಪೇಸ್ಟ್ ಕೆಲಸವನ್ನೇ ಬೇರೆಯವನ ಕೈಯಲ್ಲಿ ಮಾಡಿಸಿ, ಅದಕ್ಕೆ ನಮ್ಮಿಂದಲೇ ದುಡ್ಡು ತಗೊಂಡರು.

ಇನ್ನೊಂದು ವಿಷಯ ಇದೆ. ಅದು ಹಣಕ್ಕಿಂತ ಜಾಸ್ತಿ ನೋಯಿಸಿದ್ದು.

ಡ್ಯಾಶ್‌ಬೋರ್ಡ್‌ನಲ್ಲಿ ನೈಟ್ ಶಿಫ್ಟ್ ಯಾವಾಗಲೂ ಕೆಂಪು. ಸಂಜೆ ಶಿಫ್ಟ್ ಯಾವಾಗಲೂ ಹಸಿರು. ಮೂರನೇ ತಿಂಗಳ ಮೀಟಿಂಗ್‌ನಲ್ಲಿ ನೈಟ್ ಶಿಫ್ಟ್ ಸೂಪರ್‌ವೈಸರ್ ಅವರನ್ನು ಎಲ್ಲರ ಮುಂದೆ ಕೇಳಿದೆ, ರಾತ್ರಿ ಹೊತ್ತು ಕೆಲಸ ನಡೆಯುತ್ತೋ ನಿದ್ದೆ ನಡೆಯುತ್ತೋ ಅಂತ. ಅವರು ನನಗಿಂತ ಹದಿನೈದು ವರ್ಷ ದೊಡ್ಡವರು. “ಸರ್, ಗೇಟ್ ರಿಜಿಸ್ಟರ್ ಒಂದ್ಸಲ ನೋಡಿ” ಅಂತ ಅಷ್ಟೇ ಅಂದರು. ನಾನು ನೋಡಲಿಲ್ಲ. ಪರದೆಯಲ್ಲಿ ನಂಬರ್ ಇರುವಾಗ ರಿಜಿಸ್ಟರ್ ಯಾಕೆ ಅಂದೆ.

ಸ್ಟಾಕ್ ಎಣಿಕೆಯ ಮಾರನೇ ದಿನ ಅದೇ ರಿಜಿಸ್ಟರ್ ತರಿಸಿದೆ. ನೀಲಿ ಇಂಕು, ಅವರದೇ ಕೈಬರಹ, ಪ್ರತಿ ಸಾಲಿನಲ್ಲೂ ಗಾಡಿ ಹೊರಟ ಸಮಯ. ಒಂದು ರಾತ್ರಿ ಆರಿಸಿಕೊಂಡು, ಹತ್ತರಿಂದ ಬೆಳಗ್ಗೆ ಆರರವರೆಗೆ ಬೆರಳಿಟ್ಟು ಎಣಿಸಿದೆ. 61 ಆರ್ಡರ್. ಅದೇ ರಾತ್ರಿಗೆ ಡ್ಯಾಶ್‌ಬೋರ್ಡ್‌ನಲ್ಲಿ 19.

ಕಾರಣ ಹುಡುಕಿದೆ. ನಮ್ಮ ಸಾಫ್ಟ್‌ವೇರ್‌ನಿಂದ ಡೌನ್‌ಲೋಡ್ ಆಗುವ ಫೈಲ್‌ನಲ್ಲಿ ಸಮಯ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಮಾನಕ ಸಮಯದಲ್ಲಿ ಇರುತ್ತೆ. ತುಂಬಾ ಸಾಫ್ಟ್‌ವೇರ್‌ಗಳು ಹಾಗೇ ಇಡುತ್ತವೆ, ಅದು ತಪ್ಪಲ್ಲ. ಲೆಕ್ಕ ಮಾಡುವವರು ಅದನ್ನು ನಮ್ಮ ಸಮಯಕ್ಕೆ ಬದಲಾಯಿಸಿಕೊಳ್ಳಬೇಕು. ನಮ್ಮ ಗಡಿಯಾರ ಯುಟಿಸಿಗಿಂತ ಗಂಟೆಗಟ್ಟಲೆ ಮುಂದೆ. ಅವರು ಬದಲಾಯಿಸಲೇ ಇಲ್ಲ. ಹಾಗಾಗಿ ನಡುರಾತ್ರಿ ಹೊರಟ ಗಾಡಿಗಳೆಲ್ಲ ಸಂಜೆ ಶಿಫ್ಟ್ ಖಾತೆಗೆ ಹೋದವು. ಬೆಳಗಿನ ಹೊತ್ತು, ಡಿಸ್ಪ್ಯಾಚ್ ತೀರಾ ಕಮ್ಮಿ ಇರುವ ಗಂಟೆಗಳು ನೈಟ್ ಶಿಫ್ಟ್ ಖಾತೆಗೆ ಬಂದವು. ನಾಲ್ಕು ತಿಂಗಳು ಆ ಮನುಷ್ಯ ಮಾಡಿದ ಕೆಲಸ ಬೇರೆಯವರ ಹೆಸರಿಗೆ ಹೋಗುತ್ತಿತ್ತು.

ಇದು ಗೊತ್ತಿಲ್ಲದೆ ಆದ ತಪ್ಪು ಅಂತ ಬಿಡೋಣ ಅಂದರೆ ಅದೂ ಆಗಲ್ಲ. ಆ ಹಸಿರು ಅಕ್ಷರದ ಫಂಕ್ಷನ್ ಒಳಗೆ ನಮ್ಮ ಟೈಮ್ ಝೋನ್ ಸರಿಯಾಗಿ ಹಾಕಿದ್ದರು. ಹಾಕದಿದ್ದರೆ ಅದು ಯುಟಿಸಿ ತೋರಿಸುತ್ತೆ, ಸಮಯ ಹಿಂದೆ ಕಾಣುತ್ತೆ, ನಮಗೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಅಂದರೆ ಅವರಿಗೆ ಗೊತ್ತಿತ್ತು. ಕಣ್ಣಿಗೆ ಕಾಣುವ ಕಡೆ ಸರಿ ಮಾಡಿದರು, ಕಾಣದ ಕಡೆ ಬಿಟ್ಟರು.

ಇದನ್ನೆಲ್ಲ ಸ್ಕ್ರೀನ್‌ಶಾಟ್ ಸಮೇತ ಕಳಿಸಿದೆ. ಬಂದ ಉತ್ತರಗಳನ್ನು ಇಲ್ಲಿ ಹಾಕುತ್ತಿದ್ದೇನೆ, ಯಾಕಂದರೆ ನಾಳೆ ನಿಮಗೂ ಇವೇ ಬರುತ್ತವೆ.

ಲೈವ್ ಅಂದಿರಲ್ಲ ಅಂತ ಕೇಳಿದ್ದಕ್ಕೆ: “ಲೈವ್ ಅಂದರೆ ಹತ್ತಿರ ಹತ್ತಿರ ಲೈವ್ ಅಂತ ಸರ್. ಆಟೋಮ್ಯಾಟಿಕ್ ಕನೆಕ್ಷನ್ ಫೇಸ್ 2ರಲ್ಲಿ ಬರುತ್ತೆ.” ಫೇಸ್ 2 ಅನ್ನೋ ಪದ ಕೊಟೇಶನ್‌ನಲ್ಲಿ ಎಲ್ಲೂ ಇಲ್ಲ. ನಾನು ಮೂರು ಸಲ ಓದಿದ್ದೇನೆ.

‘ಕೊನೆಯ ಅಪ್‌ಡೇಟ್’ ಬಗ್ಗೆ: “ಅದು ಡಿಸೈನ್‌ಗೆ ಅಂತ ಹಾಕಿದ್ದು ಸರ್.”

ಡೇಟಾ ನಾಲ್ಕು ದಿನ ಹಳೇದು ಯಾಕೆ ಅಂದಿದ್ದಕ್ಕೆ: “ನಿಮ್ಮ ಡೇಟಾ ಜಾಸ್ತಿ ಆಗಿದೆ ಸರ್, ಶೀಟ್ ತಡೀತಿಲ್ಲ. ಪ್ಲಾನ್ ಅಪ್‌ಗ್ರೇಡ್ ಮಾಡಬೇಕು.” ಒಂದು ಗೂಗಲ್ ಶೀಟ್ 1 ಕೋಟಿ ಸೆಲ್ ಹಿಡಿಯುತ್ತೆ. ನಮ್ಮದು ಸುಮಾರು 30 ಸಾವಿರ ಸಾಲು, 14 ಕಾಲಂ. ಐದು ಲಕ್ಷ ಸೆಲ್ ಕೂಡ ಆಗಲ್ಲ. ಮೋಸ ಮಾಡಿ ಸಿಕ್ಕಿಬಿದ್ದ ಮೇಲೂ ಇನ್ನಷ್ಟು ದುಡ್ಡು ಕೇಳುತ್ತಾರೆ ಅಂದರೆ ಏನು ಹೇಳೋದು?

ಲೈಸೆನ್ಸ್ ಫೀ ಬಗ್ಗೆ ಕೇಳಿದೆ. ಲುಕರ್ ಸ್ಟುಡಿಯೋದ ಸಾಮಾನ್ಯ ಆವೃತ್ತಿ ಉಚಿತ. ಹಣ ಕೊಡಬೇಕಾದ ಪ್ರೊ ಆವೃತ್ತಿ ಬೇರೆ ಇದೆ, ನಮ್ಮದು ಅದಲ್ಲ. ಹಾಗಾದರೆ ತಿಂಗಳು ತಿಂಗಳು ಯಾವ ಲೈಸೆನ್ಸ್‌ಗೆ ದುಡ್ಡು ತಗೊಂಡಿರಿ? ಈ ಪ್ರಶ್ನೆಗೆ ಇವತ್ತಿನವರೆಗೂ ಉತ್ತರ ಇಲ್ಲ.

ಕೊನೆಗೆ ನೈಟ್ ಶಿಫ್ಟ್ ವಿಷಯ ಹೇಳಿದೆ. ನಿಮ್ಮ ತಪ್ಪು ಲೆಕ್ಕ ನಂಬಿ ಒಬ್ಬ ಹಿರಿಯರಿಗೆ ಎಲ್ಲರ ಮುಂದೆ ಅವಮಾನ ಮಾಡಿದೆ ಅಂದೆ. ಅದಕ್ಕೆ ಬಂದ ಉತ್ತರ: “ಯಾರನ್ನು ಬೈಯಬೇಕು ಅಂತ ಡ್ಯಾಶ್‌ಬೋರ್ಡ್ ಹೇಳಲ್ಲ ಸರ್, ಅದು ನಿಮ್ಮ ನಿರ್ಧಾರ.”

ಈ ಒಂದು ಸಾಲು ಓದಿ ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಇನ್ನೂ ಇದ್ದವು. ಸಮಯಕ್ಕೆ ಸರಿಯಾಗಿ ಹೋದ ಆರ್ಡರ್‌ಗಳ ಶೇಕಡಾವಾರು ಲೆಕ್ಕವನ್ನು ಮೂರೂ ಗೋಡೌನ್‌ಗಳ ಶೇಕಡಾ ಕೂಡಿಸಿ ಮೂರರಿಂದ ಭಾಗಿಸಿ ತೆಗೆದಿದ್ದರು. ಎರಡು ಗೋಡೌನ್ ಇಟ್ಟುಕೊಂಡು ನೋಡಿ: ಒಂದರಲ್ಲಿ 10 ಆರ್ಡರ್, ಶೇ. 100. ಇನ್ನೊಂದರಲ್ಲಿ 990 ಆರ್ಡರ್, ಶೇ. 80. ಅವರ ಲೆಕ್ಕದಲ್ಲಿ ಸರಾಸರಿ ಶೇ. 90. ನಿಜವಾಗಿ 1000ದಲ್ಲಿ 802 ಹೋಗಿವೆ, ಅಂದರೆ ಶೇ. 80.2. ನಾವು ಮೀಟಿಂಗ್‌ನಲ್ಲಿ ಖುಷಿಪಟ್ಟಿದ್ದು ಇಂಥ ಲೆಕ್ಕಕ್ಕೆ. ಕ್ಯಾನ್ಸಲ್ ಆದ ಆರ್ಡರ್‌ಗಳನ್ನೂ ಲೆಕ್ಕದಿಂದ ತೆಗೆದುಬಿಟ್ಟಿದ್ದರು. ತಡ ಆಯಿತು ಅಂತಲೇ ಗಿರಾಕಿ ಕ್ಯಾನ್ಸಲ್ ಮಾಡಿದ್ದರೂ ಅದು ತಡ ಅಂತ ಬರುತ್ತಿರಲಿಲ್ಲ.

ತಿಂಗಳ ಹಣ ನಿಲ್ಲಿಸಿದೆವು. ಮಾರನೇ ಬೆಳಗ್ಗೆ ಡ್ಯಾಶ್‌ಬೋರ್ಡ್ ತೆರೆದರೆ ಅನುಮತಿ ಇಲ್ಲ ಅಂತ ಬಂತು. ರಿಪೋರ್ಟ್, ಶೀಟ್ ಎರಡೂ ಅವರ ಖಾತೆಯಲ್ಲೇ ಇದ್ದವು. ಪೂರ್ತಿ ಹಣ ಕೊಟ್ಟು ಮಾಡಿಸಿದ್ದರಲ್ಲಿ ನಮ್ಮದು ಅಂತ ಏನೂ ಇರಲಿಲ್ಲ. ನಮ್ಮ ನಾಲ್ಕು ತಿಂಗಳ ಆರ್ಡರ್ ಮಾಹಿತಿ ಮಾತ್ರ ಈಗಲೂ ಅವರ ಹತ್ತಿರ ಇದೆ. ಸಾಫ್ಟ್‌ವೇರ್ ಪಾಸ್‌ವರ್ಡ್ ಅವತ್ತೇ ಬದಲಾಯಿಸಿದೆವು. ನೀವೂ ಯಾರಿಗಾದರೂ ಲಾಗಿನ್ ಕೊಟ್ಟಿದ್ದರೆ ಅದು ಬರೀ ಓದುವ ಅನುಮತಿನಾ ಅಂತ ಈಗಲೇ ನೋಡಿಕೊಳ್ಳಿ. ನಾವು ಕೊಟ್ಟಿದ್ದು ಅಡ್ಮಿನ್ ಲಾಗಿನ್. ಅದು ನನ್ನದೇ ತಪ್ಪು.

ನಾನು ಹೇಳೋದು ಇಷ್ಟೇ. ಮೊದಲ ದಿನವೇ ಎಲ್ಲವೂ ನಿಮ್ಮ ಕಂಪನಿಯ ಖಾತೆಯಲ್ಲಿ ಇರಲಿ. ‘ಲೈವ್’ ಅಂದರೆ ದಿನಕ್ಕೆ ಎಷ್ಟು ಸಲ ಅಂತ ಬರೆಸಿಕೊಳ್ಳಿ. ಪವರ್ ಬಿಐ ಅನ್ನೋ ಮೈಕ್ರೋಸಾಫ್ಟ್‌ನ ಡ್ಯಾಶ್‌ಬೋರ್ಡ್ ಟೂಲ್‌ನಲ್ಲಿ ಕೂಡ ಡೇಟಾ ಇಂಪೋರ್ಟ್ ಮಾಡಿ ಪ್ರೊ ಲೈಸೆನ್ಸ್‌ನಲ್ಲಿ ನಡೆಸಿದರೆ ದಿನಕ್ಕೆ 8 ಸಲ ಮಾತ್ರ ರಿಫ್ರೆಶ್ ಇಟ್ಟುಕೊಳ್ಳಬಹುದು. ಪ್ರಾಮಾಣಿಕರು ಅದನ್ನು ಹಾಗೇ ಹೇಳುತ್ತಾರೆ. ಕೊನೆಯ ಕಂತು ಕೊಡೋ ಮೊದಲು ಒಂದು ಇಡೀ ದಿನದ ಲೆಕ್ಕವನ್ನು ಕೈಯಲ್ಲಿ ಎಣಿಸಿ ತಾಳೆ ನೋಡಿ. ಒಂದೇ ಒಂದು ದಿನ. ನಾನು ಆ ಒಂದು ದಿನ ಕೂತಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ನಿಮ್ಮ ಜನ “ರಿಜಿಸ್ಟರ್ ನೋಡಿ” ಅಂದರೆ ನೋಡಿ.

ಸೂಪರ್‌ವೈಸರ್ ಅವರ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಮೀಟಿಂಗ್‌ನಲ್ಲಿ ಯಾರ‍್ಯಾರು ಇದ್ದರೋ ಅವರೆಲ್ಲರ ಮುಂದೆಯೇ ಕೇಳಿದೆ. ಅವರು ಏನೂ ಅನ್ನಲಿಲ್ಲ, ತಲೆಯಾಡಿಸಿ ಕೆಲಸಕ್ಕೆ ಹೋದರು. ಅವತ್ತು ನಾನು ಆಡಿದ ಮಾತು ಅವರು ಮರೆತಿಲ್ಲ, ಅದು ನನಗೆ ಗೊತ್ತು.

ಪರಿಚಯದವರ ಆಫೀಸಿಗೆ ಹೋಗಿದ್ದಾರೆ ಅಂದೆನಲ್ಲ, ಅಲ್ಲಿ ಡೆಮೋಗೆ ತೋರಿಸಿದ್ದು ನಮ್ಮ ಡ್ಯಾಶ್‌ಬೋರ್ಡ್. ಹೆಸರು, ಲೋಗೋ ತೆಗೆದಿದ್ದಾರೆ, ಮೂರು ಗೋಡೌನ್, ಮೂರು ಶಿಫ್ಟ್ ಹಾಗೇ ಇದೆಯಂತೆ. ನೈಟ್ ಶಿಫ್ಟ್ ಈಗಲೂ ಕೆಂಪು. ನಿಮ್ಮ ಹತ್ತಿರ ಯಾರಾದರೂ ಇಂಥದ್ದು ತಂದು, ಬಲಗಡೆ ಮೂಲೆಯಲ್ಲಿ ಹಸಿರು ಅಕ್ಷರದಲ್ಲಿ ‘ಕೊನೆಯ ಅಪ್‌ಡೇಟ್’ ತೋರಿಸಿದರೆ, ಅಲ್ಲೇ, ಅವರ ಎದುರಿಗೇ, ಅದರ ಮೇಲೆ ಕ್ಲಿಕ್ ಮಾಡಿ ಫಾರ್ಮುಲಾ ತೋರಿಸಿ ಅಂತ ಕೇಳಿ.